ಕೆರೆಯ ಹೂಳಿನಲ್ಲಿ ಹಳೆಯ ಮಳೆಯ ಲೆಕ್ಕ ಸಿಗುತ್ತದೆಯೇ?

ಪ್ರಶ್ನೆ: ನಮ್ಮ ಮನೆ ಸರ್ಜಾಪುರ ರಸ್ತೆಯ ಕಡೆ. ಪಕ್ಕದ ಕೆರೆಯಲ್ಲಿ ಹಿಟಾಚಿ ತಂದು ಹೂಳು ತೆಗೆಯುತ್ತಿದ್ದಾರೆ. ಅಗೆದ ಗುಂಡಿಯ ಗೋಡೆಯಲ್ಲಿ ಮೇಲೆ ಕಪ್ಪು, ಅದರ ಕೆಳಗೆ ಕೆಂಪು, ಇನ್ನೂ ಕೆಳಗೆ ಬೂದು ಬಣ್ಣದ ಪದರಗಳು ಸ್ಪಷ್ಟವಾಗಿ ಕಾಣುತ್ತವೆ. ಒಂಬತ್ತನೇ ಕ್ಲಾಸಿನ ಮಗಳು, "ಅಪ್ಪಾ, ಕಪ್ಪು ಪದರ ಅಂದ್ರೆ ಬರಗಾಲ, ಕೆಂಪು ಅಂದ್ರೆ ಜೋರು ಮಳೆ, ಅಲ್ವಾ?" ಎಂದು ಕೇಳಿದಳು. ಉತ್ತರ ಗೊತ್ತಾಗಲಿಲ್ಲ. ಕೆರೆಯ ಮಣ್ಣು ನೋಡಿ ಬೆಂಗಳೂರಿನ ಹಳೆಯ ಹವಾಮಾನ ಹೇಳಲು ಆಗುತ್ತದೆಯೇ? ಆಗುವುದಾದರೆ ಹೂಳು ತೆಗೆಯುವುದು ತಪ್ಪಲ್ಲವೇ?

ಉತ್ತರ: ಮಗಳ ಊಹೆ ಸರಿಯಿಲ್ಲ. ಆದರೂ ಬೆನ್ನು ತಟ್ಟಿ. ಕೆಳಗಿನ ಪದರ ಬದಲಾಗಿದೆ ಅಂದರೆ ಆ ಕಾಲಕ್ಕೆ ಮೇಲೆ ಏನೋ ಬದಲಾಗಿರಬೇಕು ಎಂದು ಅವಳಿಗೆ ಹೊಳೆದಿದೆ. ಈ ವಿದ್ಯೆ ಶುರುವಾಗುವುದೇ ಅಲ್ಲಿಂದ. ಏನು ಬದಲಾಯಿತು, ಯಾವಾಗ ಬದಲಾಯಿತು ಎಂದು ಹುಡುಕುವುದರಲ್ಲಿ ನಮ್ಮಂಥವರ ತಲೆಗೂದಲು ಉದುರುತ್ತದೆ.

ಮೊದಲು ಕಪ್ಪು ಪದರ. ಅದಕ್ಕೂ ಬರಗಾಲಕ್ಕೂ ಸಂಬಂಧವಿಲ್ಲ. ಕೆರೆಗೆ ಚರಂಡಿ ನೀರು ಸೇರಿದರೆ ತಳದಲ್ಲಿ ಕೊಳೆಯುವ ವಸ್ತು ಜಾಸ್ತಿಯಾಗುತ್ತದೆ. ಅದನ್ನು ಕೊಳೆಸುವುದರಲ್ಲೇ ಆಮ್ಲಜನಕ ಮುಗಿದುಹೋಗುತ್ತದೆ. ಆಮೇಲೆ ಆಮ್ಲಜನಕವಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳ ರಾಜ್ಯ. ಅವು ನೀರಿನಲ್ಲಿರುವ ಸಲ್ಫೇಟನ್ನು ಹೈಡ್ರೋಜನ್ ಸಲ್ಫೈಡ್ ಅನಿಲ ಮಾಡುತ್ತವೆ. ಆ ಅನಿಲ ಮಣ್ಣಿನ ಕಬ್ಬಿಣದ ಜೊತೆ ಸೇರಿದಾಗ ಕಪ್ಪು ಬಣ್ಣ ಬರುತ್ತದೆ. ಗುಂಡಿಯ ಹತ್ತಿರ ಕೊಳೆತ ಮೊಟ್ಟೆಯ ವಾಸನೆ ಬಂದಿದ್ದರೆ ಅದು ಇದೇ ಅನಿಲ. ಗ್ಲೌಸ್ ಹಾಕಿಕೊಂಡು ಒಂದು ಮುಷ್ಟಿ ಕಪ್ಪು ಮಣ್ಣನ್ನು ಹಳೇ ಪೇಪರಿನ ಮೇಲಿಟ್ಟು ಸ್ವಲ್ಪ ಹೊತ್ತು ಬಿಡಿ. ಗಾಳಿ ತಾಗಿದ ಮೇಲ್ಮೈ ಕಂದು ಬಣ್ಣಕ್ಕೆ ತಿರುಗುತ್ತದೆ. ಮುರಿದು ನೋಡಿದರೆ ಒಳಗೆ ಇನ್ನೂ ಕಪ್ಪು. ಮಗಳಿಗೆ ಇದನ್ನು ತೋರಿಸಿ, ಪಾಠ ಮರೆಯುವುದಿಲ್ಲ.

ಕೆಂಪು ಪದರದ ಕಥೆ ಬೇರೆ. ನಮ್ಮ ಊರಿನ ಅಡಿಗಲ್ಲು ನೈಸ್ ಎಂಬ ಬಂಡೆ. ಲಾಲ್‌ಬಾಗ್‌ನಲ್ಲಿ ಜನ ಹತ್ತಿ ಕೂತು ಕಡಲೆಕಾಯಿ ತಿನ್ನುತ್ತಾರಲ್ಲ, ಅದೇ. ವಯಸ್ಸು ಸುಮಾರು 300 ಕೋಟಿ ವರ್ಷ. ಅದು ಬಿಸಿಲು ಮಳೆಗೆ ಶಿಥಿಲವಾಗಿ ಆದದ್ದೇ ನಮ್ಮ ಕೆಮ್ಮಣ್ಣು. ಮೇಲೆ ಹುಲ್ಲು, ಕುರುಚಲು ಗಿಡ ಇದ್ದರೆ ಎಂಥ ಮಳೆ ಬಂದರೂ ಆ ಮಣ್ಣು ಸುಲಭಕ್ಕೆ ಜಾಗ ಬಿಡುವುದಿಲ್ಲ. ಬೋಳಾಗಿದ್ದರೆ ಸಾಧಾರಣ ಮಳೆಗೇ ಕೊಚ್ಚಿಕೊಂಡು ಬರುತ್ತದೆ. ಕೆರೆಯ ಮೇಲಿನ ದಿಬ್ಬದಲ್ಲಿ ಲೇಔಟ್ ಮಾಡಲು ಹತ್ತು ಎಕರೆ ಸಮತಟ್ಟು ಮಾಡಿ, ಸೈಟು ಮಾರಾಟವಾಗುವವರೆಗೆ ಹಾಗೇ ಬಿಟ್ಟರು ಅಂದುಕೊಳ್ಳಿ. ಎರಡು ಮಳೆಗಾಲದಲ್ಲಿ ಕೆರೆಯ ತಳಕ್ಕೆ ಕೆಂಪು ಹಾಸು ಬಿದ್ದಿರುತ್ತದೆ. ನಿಮ್ಮ ಕಡೆ ಕೆಂಪಿನ ಮೇಲೆ ಕಪ್ಪು ಇದೆ ಎಂದಿರಿ. ಮೊದಲು ಸೈಟು, ಆಮೇಲೆ ಮನೆ, ಮನೆಯಿಂದ ಚರಂಡಿ. ಕಣ್ಣಳತೆಯಲ್ಲಿ ಹೇಳುವುದಾದರೆ ನಿಮ್ಮ ಕೆರೆಯ ಮೇಲಿನೆರಡು ಪದರ ಬಡಾವಣೆಯ ಜಾತಕ. ಕೆಳಗಿನ ಬೂದು ಜೇಡಿ ಅದಕ್ಕೂ ಹಿಂದಿನದು, ನೀರು ನಿಧಾನವಾಗಿ ತಿಳಿಯಾಗುತ್ತಿದ್ದ ಕಾಲದ್ದು.

ಹೀಗಾಗಿ ನಿಮ್ಮ ಮುಖ್ಯ ಪ್ರಶ್ನೆಗೆ ನನ್ನ ಉತ್ತರ ಇದು: ಬೆಂಗಳೂರಿನ ಕೆರೆಯ ಹೂಳಿನಲ್ಲಿ ಮೊದಲು ಕಾಣುವುದು ಸುತ್ತಲಿನ ಜನ ನೆಲದ ಮೇಲೆ ಏನು ಮಾಡಿದರು ಎಂಬುದು. ಮಳೆಯ ಲೆಕ್ಕ ಅದರ ಅಡಿಯಲ್ಲಿ ಮಸುಕಾಗಿ ಇರುತ್ತದೆ, ಕೆಲವು ಕಡೆ ಇರುವುದೂ ಇಲ್ಲ. ಕಾರಣ ಸರಳ. ಕೆರೆಯೇ ಮನುಷ್ಯ ಮಾಡಿದ್ದು. ಸುಮಾರು 900 ಮೀಟರ್ ಎತ್ತರದ ಈ ದಿಣ್ಣೆಯ ಊರಿನಲ್ಲಿ ದೊಡ್ಡ ಸಹಜ ಸರೋವರ ಇಲ್ಲ. ಹಳ್ಳಕ್ಕೆ ಅಡ್ಡ ಏರಿ ಹಾಕಿ ನೀರು ನಿಲ್ಲಿಸಿದ್ದೇ ಕೆರೆ. ಇದು ಕೆಂಪೇಗೌಡರಿಗಿಂತಲೂ ಹಳೆಯ ಅಭ್ಯಾಸ. "ಬೆಂಗಳೂರು" ಎಂಬ ಹೆಸರು ಮೊದಲು ಸಿಗುವ ಬೇಗೂರಿನ ವೀರಗಲ್ಲು 9ನೇ ಶತಮಾನದ ಕೊನೆಯದು. ಅಷ್ಟು ಹಿಂದೆಯೇ ಇಲ್ಲಿ ಊರುಗಳಿದ್ದವು, ಊರಿದ್ದ ಕಡೆ ನೀರು ಕಟ್ಟಿರಲೇಬೇಕು.

ಇನ್ನೊಂದು ತೊಡಕು ಇದೆ. ನಮ್ಮ ಕೆರೆಗಳು ಸರಣಿಯಲ್ಲಿವೆ. ಮೇಲಿನ ಕೆರೆ ಕೋಡಿ ಬಿದ್ದರೆ ನೀರು ಕೆಳಗಿನ ಕೆರೆಗೆ. ಮರಳು, ಗರಸು ಮೇಲಿನ ಕೆರೆಯಲ್ಲೇ ಕೂರುತ್ತದೆ, ಕೆಳಗಿನದಕ್ಕೆ ಬರುವುದು ನಯವಾದ ಜೇಡಿ ಮಾತ್ರ. ಒಂದು ದಿನ ಮೇಲಿನ ಕೆರೆಯ ಏರಿ ಒಡೆಯಿತು ಎಂದುಕೊಳ್ಳಿ. ಒಂದೇ ರಾತ್ರಿಯಲ್ಲಿ ಕೆಳಗಿನ ಕೆರೆಯಲ್ಲಿ ಅರ್ಧ ಅಡಿ ಮರಳು ಬಂದು ಕೂರುತ್ತದೆ. ಐನೂರು ವರ್ಷ ಬಿಟ್ಟು ಅಗೆದವನಿಗೆ ಅದು ಮಹಾಮಳೆಯ ಗುರುತಿನಂತೆ ಕಾಣುತ್ತದೆ. ನಿಜವಾಗಿ ಆ ವರ್ಷ ಮಳೆ ಸಾಧಾರಣವಾಗಿಯೇ ಇದ್ದಿರಬಹುದು, ಏರಿಯಲ್ಲಿ ಹೆಗ್ಗಣ ಬಿಲ ತೋಡಿರಬಹುದು. ಹಾಗಾಗಿ ಒಂದು ಕೆರೆಯ ಮಣ್ಣು ನೋಡಿ ಯಾರಾದರೂ ಮಳೆಯ ಇತಿಹಾಸ ಹೇಳಿದರೆ ನಾನು ಮೊದಲು ಕೇಳುವುದು ಮೇಲಿನ ಕೆರೆ ಯಾವುದು ಎಂದು.

ಸರಿ, ಮಣ್ಣನ್ನು ಓದುವುದು ಹೇಗೆ? ಹಿಟಾಚಿಯ ಗುಂಡಿ ನೋಡಲು ಚೆನ್ನ, ಕೆಲಸಕ್ಕೆ ಬಾರದು. ಬಕೆಟ್ಟಿನ ಹಲ್ಲು ಪದರಗಳನ್ನು ಕಲಸಿಬಿಡುತ್ತದೆ. ನಾವು ಪೈಪ್ ಇಳಿಸುತ್ತೇವೆ. ಆಳದ ಕೆರೆಗೆ ಪಿಸ್ಟನ್ ಇರುವ ವಿಶೇಷ ಉಪಕರಣ ಬೇಕು. ಬತ್ತಿದ ಕೆರೆಗೆ ಅಂಗಡಿಯಲ್ಲಿ ಸಿಗುವ ಮೂರಿಂಚಿನ ಪಿವಿಸಿ ಪೈಪೂ ಆಗುತ್ತದೆ. ಜಾಗ ಆರಿಸುವುದರಲ್ಲಿ ಜಾಣತನ ಇದೆ. ನೀರು ಒಳಗೆ ಬರುವ ಬಾಯಿಯ ಹತ್ತಿರ ಬೇಡ, ಅಲ್ಲಿ ಮರಳು. ತೂಬಿನ ಹತ್ತಿರವೂ ಬೇಡ, ಅಲ್ಲಿ ಹರಿವು ಮಣ್ಣನ್ನು ಕೆರೆದಿರುತ್ತದೆ. ಏರಿಯ ಒಳಮೈಯಿಂದ ಸ್ವಲ್ಪ ದೂರ, ಕೆರೆಯ ಅತಿ ತಗ್ಗಿನ ಜಾಗ ಒಳ್ಳೆಯದು. ಕೆರೆ ಬತ್ತುವಾಗ ಕೊನೆಯವರೆಗೂ ನೀರು ನಿಲ್ಲುವುದು ಅಲ್ಲೇ.

ಪೈಪಿಗೆ ಮರದ ಕೊಡತಿಯಿಂದ ಬಡಿದು ಇಳಿಸಬೇಕು. ಇಳಿದ ಮೇಲೆ ಎರಡು ಅಳತೆ ಬರೆದುಕೊಳ್ಳಬೇಕು: ಪೈಪಿನ ಒಳಗೆ ಮಣ್ಣು ಎಲ್ಲಿದೆ, ಹೊರಗೆ ಎಲ್ಲಿದೆ. ಬಡಿತಕ್ಕೆ ಒಳಗಿನ ಮಣ್ಣು ಕುಗ್ಗಿರುತ್ತದೆ. ಆ ವ್ಯತ್ಯಾಸ ಬಿಟ್ಟರೆ ಮುಂದಿನ ಲೆಕ್ಕವೆಲ್ಲ ಹಳ್ಳ ಹಿಡಿಯುತ್ತದೆ. ಮೇಲ್ತುದಿಗೆ ನೀರು ತುಂಬಿ, ಗಾಳಿ ಆಡದಂತೆ ಮುಚ್ಚಳ ಬಿಗಿದು ಎಳೆದರೆ ಮಣ್ಣು ಜಾರದೆ ಮೇಲೆ ಬರುತ್ತದೆ. ಕೆಸರು ಪೈಪನ್ನು ಬಿಡುವಾಗ "ಪೊಳಕ್" ಎಂದು ಸದ್ದಾಗುತ್ತದೆ. ಅಷ್ಟು ಹೊತ್ತಿಗೆ ಎಳೆದವರ ಸೊಂಟ ಹೋಗಿರುತ್ತದೆ.

ಲ್ಯಾಬಿನಲ್ಲಿ ಪೈಪಿನ ಎರಡೂ ಬದಿ ಉದ್ದಕ್ಕೆ ಸೀಳಿ, ನಡುವೆ ತೆಳು ಸ್ಟೀಲ್ ತಂತಿ ಎಳೆಯುತ್ತೇವೆ. ಮಣ್ಣು ಬೆಣ್ಣೆಯಂತೆ ಎರಡು ಹೋಳಾಗುತ್ತದೆ. ಮೇಲ್ಮೈಯನ್ನು ಗಾಜಿನ ಚೂರಿನಿಂದ ಅಡ್ಡಡ್ಡ ಒರೆಸಬೇಕು. ಉದ್ದಕ್ಕೆ ಒರೆಸಿದರೆ ಮೇಲಿನ ಕಾಲ ಕೆಳಗಿನ ಕಾಲಕ್ಕೆ ಮೆತ್ತಿಕೊಳ್ಳುತ್ತದೆ. ಊರಿನ ಪೂರ್ವದ ಒಂದು ಕೆರೆಯಿಂದ ತಂದ ಪೈಪನ್ನು ಹೀಗೆ ತೆರೆದಾಗ ಮೊದಲ ಒಂದು ಗೇಣು ಕಪ್ಪು ಪದರದಲ್ಲಿ ಶಾಂಪೂ ಸ್ಯಾಷೆಯ ಮೂಲೆಯೊಂದು ಇಣುಕಿತು. ಅಕ್ಷರ ಮಾಸಿದ್ದರೂ ಬಣ್ಣ ಹೋಗಿರಲಿಲ್ಲ. ಸ್ಯಾಷೆಗಳು ನಮ್ಮ ಅಂಗಡಿಗಳಲ್ಲಿ ನೇತಾಡಲು ಶುರುವಾದದ್ದು 1980ರ ದಶಕದಲ್ಲಿ. ಅಂದರೆ ಆ ಮಣ್ಣು ಅದಕ್ಕಿಂತ ಹಳೆಯದಲ್ಲ. ಒಂದು ರೂಪಾಯಿ ಖರ್ಚಿಲ್ಲದೆ ಒಂದು ತಾರೀಕು ಸಿಕ್ಕಿತು. ಅದರ ಕೆಳಗಿನ ಬೂದು ಜೇಡಿಯಲ್ಲಿ ಬಸವನಹುಳುವಿನ ಚಿಪ್ಪುಗಳು. ಇನ್ನೂ ಕೆಳಗೆ, ಮೇಲಿಂದ ಇಳಿದುಬಂದ ಒಂದು ಬೆಣೆಯಾಕಾರದ ಕೆಂಪು ಗೀರು. ಏನು ಗೊತ್ತೇ? ಯಾವುದೋ ಕಾಲದ ಬಿರುಕು. ಕೆರೆ ಬತ್ತಿ ತಳ ಬಿರುಕು ಬಿಟ್ಟಿದೆ, ಮುಂದಿನ ಮಳೆಗೆ ಬಿರುಕಿನೊಳಗೆ ಕೆಮ್ಮಣ್ಣು ತುಂಬಿದೆ. ನಿಮ್ಮ ಮಗಳು ಹುಡುಕುತ್ತಿರುವ ಬರಗಾಲ ಹೀಗೆ ಕಾಣುತ್ತದೆ, ಬಣ್ಣದ ಪದರವಾಗಿ ಅಲ್ಲ.

ಬರದ ವಿಷಯದಲ್ಲಿ ನಮ್ಮ ಕೆರೆಗಳು ಕೈ ಕೊಡುವುದೂ ಇಲ್ಲೇ. ನೀರಿಲ್ಲದ ವರ್ಷ ಹೂಳು ಬರುವುದಿಲ್ಲ. ಇರುವ ಒಣ ಮಣ್ಣನ್ನು ಗಾಳಿ ಎತ್ತಿಕೊಂಡು ಹೋಗುತ್ತದೆ, ದನ ತುಳಿಯುತ್ತವೆ, ಊರವರು ಗಾಡಿಗಟ್ಟಲೆ ಗೋಡು ಹೊಡೆದು ಹೊಲಕ್ಕೆ ಹಾಕುತ್ತಾರೆ. ಹಳೇ ಮೈಸೂರಿನ ಹಿರಿಯರ ಬಾಯಲ್ಲಿ ಉಳಿದಿರುವ ಧಾತು-ಈಶ್ವರ ಸಂವತ್ಸರದ ಬರ, ಅಂದರೆ 1876-78ರ ಮಹಾಬರ, ಲಕ್ಷಾಂತರ ಜನರನ್ನು ತಿಂದುಹಾಕಿತು. ಅಷ್ಟು ದೊಡ್ಡ ಬರಕ್ಕೆ ಹೂಳಿನಲ್ಲಿ ಅಷ್ಟೇ ದಪ್ಪದ ಪದರ ಸಿಗುತ್ತದೆ ಎಂದು ವಿದ್ಯಾರ್ಥಿಗಳು ಹುಡುಕುತ್ತಾರೆ. ಸಿಗುವುದು ಒಂದು ಗೆರೆ ಅಥವಾ ಏನೂ ಇಲ್ಲ. ಬರ ಕೆಟ್ಟದ್ದಾದಷ್ಟೂ ಅದರ ಪುಟ ಹರಿದುಹೋಗಿರುವ ಸಾಧ್ಯತೆ ಜಾಸ್ತಿ.

ಇನ್ನು ತಾರೀಕು. ಈ ಕೆಲಸದಲ್ಲಿ ಹಣ ಖರ್ಚಾಗುವುದು ಇದಕ್ಕೇ. ಇತ್ತೀಚಿನ ನೂರು, ಹೆಚ್ಚೆಂದರೆ ನೂರೈವತ್ತು ವರ್ಷಕ್ಕೆ ಸೀಸ-210 ಎಂಬ ವಿಕಿರಣಶೀಲ ಸೀಸ ಬಳಸುತ್ತೇವೆ. ಕಲ್ಲಿನಲ್ಲಿರುವ ಯುರೇನಿಯಂ ಹಂತಹಂತವಾಗಿ ಕ್ಷಯಿಸುವಾಗ ರೇಡಾನ್ ಎಂಬ ಅನಿಲ ಹುಟ್ಟಿ ಗಾಳಿಗೆ ಸೇರುತ್ತದೆ. ಅಲ್ಲಿ ಅದು ಸೀಸ-210 ಆಗಿ ಮಳೆ, ಧೂಳಿನ ಜೊತೆ ಕೆಳಗೆ ಬಂದು ಹೂಳಿಗೆ ಅಂಟಿಕೊಳ್ಳುತ್ತದೆ. ಸುಮಾರು 22 ವರ್ಷಕ್ಕೊಮ್ಮೆ ಅದು ಅರ್ಧದಷ್ಟಾಗುತ್ತದೆ. ಪೈಪಿನಲ್ಲಿ ಕೆಳಕ್ಕೆ ಹೋದಂತೆ ಎಷ್ಟು ಉಳಿದಿದೆ ಎಂದು ಅಳೆದರೆ ವಯಸ್ಸು. ಇದನ್ನು ಪರೀಕ್ಷಿಸಲು ಸೀಸಿಯಂ-137 ಇದೆ. ಹೆಸರು ಹತ್ತಿರ ಇದ್ದರೂ ಸೀಸಕ್ಕೂ ಇದಕ್ಕೂ ನಂಟಿಲ್ಲ. ಇದು 1950, 60ರ ದಶಕಗಳ ಅಣುಬಾಂಬ್ ಪರೀಕ್ಷೆಗಳ ಬೂದಿ. 1963ರ ಹೊತ್ತಿಗೆ ಅತಿ ಹೆಚ್ಚು ಬಿದ್ದಿತು, ಆ ಗುರುತು ಸಿಕ್ಕರೆ ಒಂದು ಗಟ್ಟಿ ಮೊಳೆ ಹೊಡೆದಂತೆ. ಆದರೆ ನಮ್ಮ ದಕ್ಷಿಣದ ಕಡೆ ಬಿದ್ದದ್ದೇ ಕಡಿಮೆ, ಅದೂ 30 ವರ್ಷಕ್ಕೊಮ್ಮೆ ಅರ್ಧವಾಗುತ್ತಾ ಬಂದಿದೆ. ಮಾಮೂಲಿ ಸೀಸವೂ ನೆರವಿಗೆ ಬರುತ್ತದೆ. 2000ನೇ ಇಸವಿಯವರೆಗೆ ನಮ್ಮ ಪೆಟ್ರೋಲಿನಲ್ಲಿ ಸೀಸ ಇರುತ್ತಿತ್ತು. ರಸ್ತೆ ಪಕ್ಕದ ಕೆರೆಗಳಲ್ಲಿ ಅದು ಏರಿ ಆಮೇಲೆ ಇಳಿದ ಗುರುತು ಹುಡುಕಬಹುದು.

ಅದಕ್ಕಿಂತ ಹಿಂದಕ್ಕೆ ಕಾರ್ಬನ್-14, ಅಂದರೆ ವಿಕಿರಣಶೀಲ ಇಂಗಾಲ. ಅದರ ಅರ್ಧಾಯುಷ್ಯ 5,730 ವರ್ಷ, ಸುಮಾರು 50,000 ವರ್ಷದವರೆಗೆ ನಡೆಯುತ್ತದೆ. ಕೇಳಲು ಚೆನ್ನಾಗಿದೆ, ಕೆರೆಯಲ್ಲಿ ಮಾತ್ರ ಮೋಸ ಹೋಗುವುದು ಸುಲಭ. ಹೊಲದಲ್ಲಿ ಸಾವಿರ ವರ್ಷ ಸುಮ್ನೆ ಕೂತಿದ್ದ ಮಣ್ಣು ನಿನ್ನೆಯ ಮಳೆಗೆ ಕೊಚ್ಚಿ ಬಂದಿದ್ದರೆ ಹೂಳು ನಿನ್ನೆಯದು, ಅದರೊಳಗಿನ ಇಂಗಾಲ ಸಾವಿರ ವರ್ಷದ್ದು. ಅದಕ್ಕೇ ಮಣ್ಣನ್ನು ಇಡಿಯಾಗಿ ಕಳಿಸದೆ ಅದರಲ್ಲಿ ಸಿಗುವ ಒಂದು ಎಲೆ, ಒಂದು ಬೀಜ ಹೆಕ್ಕಿ ಕಳಿಸಬೇಕು. ದಿನಗಟ್ಟಲೆ ಜರಡಿ ಹಿಡಿದು ಒಂದು ಹುಣಸೆ ಎಲೆಯ ಚೂರು ಸಿಕ್ಕರೆ ಲ್ಯಾಬಿನಲ್ಲಿ ಕಾಫಿ ಪಾರ್ಟಿ.

ತಾರೀಕು ಸಿಕ್ಕ ಮೇಲೆ ಗಿಡಮರಗಳನ್ನು ಕೇಳಬಹುದು. ಪರಾಗದ ಹೊರಕವಚ ತುಂಬ ಗಟ್ಟಿ, ಆಮ್ಲಜನಕ ಸಿಗದ ಹೂಳಿನಲ್ಲಿ ಸಾವಿರಾರು ವರ್ಷ ಕೆಡುವುದಿಲ್ಲ. ಅದನ್ನು ಮಣ್ಣಿನಿಂದ ಬಿಡಿಸಲು ಹೈಡ್ರೋಫ್ಲೋರಿಕ್ ಆಮ್ಲ ಬೇಕು, ಮರಳನ್ನೇ ಕರಗಿಸುವ ಆಮ್ಲ ಅದು. ಮನೆಯಲ್ಲಿ ಮಾಡುವ ಪ್ರಯೋಗ ಖಂಡಿತ ಅಲ್ಲ. ನಮ್ಮ ಕಡೆ ಹೊರಗಿನಿಂದ ಬಂದ ಗಿಡಗಳೇ ಒಳ್ಳೆಯ ಕ್ಯಾಲೆಂಡರ್. ನೀಲಗಿರಿ, ಸರ್ವೆ ಎರಡೂ ಇಲ್ಲಿನವಲ್ಲ. ಅವುಗಳ ಪರಾಗ ಇದ್ದಕ್ಕಿದ್ದಂತೆ ಜಾಸ್ತಿಯಾದರೆ ಅದು ತೋಪು ಹಾಕಿದ ಕಾಲ. ಇಲ್ಲೂ ಒಂದು ಬಲೆ ಇದೆ. ನೇರಳೆಯೂ ನೀಲಗಿರಿಯೂ ಒಂದೇ ಮನೆತನ, ಎರಡರ ಪರಾಗವೂ ಮೂಲೆ ಮೊಂಡಾದ ತ್ರಿಕೋನ. ನೇರಳೆಯದು ಗಾತ್ರದಲ್ಲಿ ಚಿಕ್ಕದು, ಎದ್ದು ಕಾಣುವ ವ್ಯತ್ಯಾಸ ಅದು. ಅವಸರ ಮಾಡಿದವರು ಕೆಂಪೇಗೌಡರ ಕಾಲದಲ್ಲೇ ನೀಲಗಿರಿ ತೋಪು ನೆಟ್ಟುಬಿಡುತ್ತಾರೆ.

ನನಗೆ ಬಹಳ ಇಷ್ಟವಾದ ಗುರುತು ರಾಗಿ ಮತ್ತು ಭತ್ತದ್ದು. ಎರಡೂ ಹುಲ್ಲಿನ ಜಾತಿ, ಪರಾಗ ನೋಡಿ ಬೇರೆ ಮಾಡುವುದು ಕಷ್ಟ. ಆದರೆ ಎರಡೂ ಗಾಳಿಯಿಂದ ಇಂಗಾಲ ಹಿಡಿಯುವ ರೀತಿ ಬೇರೆ. ರಾಗಿ, ಜೋಳ, ಕಬ್ಬು, ಬಯಲಿನ ಅನೇಕ ಹುಲ್ಲುಗಳು ಒಂದು ಬಗೆ, ಅದಕ್ಕೆ ಸಿ4 ಎನ್ನುತ್ತಾರೆ. ಭತ್ತ ಮತ್ತು ಹೆಚ್ಚುಕಡಿಮೆ ಎಲ್ಲ ಮರಗಳು ಸಿ3. ಸಿ4 ಗಿಡಗಳಲ್ಲಿ ಭಾರದ ಇಂಗಾಲ, ಕಾರ್ಬನ್-13, ಸ್ವಲ್ಪ ಜಾಸ್ತಿ. ಗಿಡ ಕೊಳೆತು ಮಣ್ಣಾದರೂ ಆ ವ್ಯತ್ಯಾಸ ಉಳಿಯುತ್ತದೆ. ಈಗ ಕೆರೆಯನ್ನು ಕಣ್ಣ ಮುಂದೆ ತಂದುಕೊಳ್ಳಿ. ರಾಗಿ ಹೊಲ ಮೇಲಿನ ದಿಬ್ಬದಲ್ಲಿ, ಭತ್ತದ ಗದ್ದೆ ಏರಿಯ ಕೆಳಗಿನ ಅಚ್ಚುಕಟ್ಟಿನಲ್ಲಿ. ಕೆರೆಗೆ ಮಣ್ಣು ಹರಿದು ಬರುವುದು ಮೇಲಿನಿಂದ ಮಾತ್ರ. ಹಾಗಾಗಿ ಒಂದು ಕೆರೆಯ ಹೂಳು ತನ್ನ ಗದ್ದೆಯ ಸುದ್ದಿ ಹೇಳುವುದಿಲ್ಲ, ಅದನ್ನು ಸರಣಿಯ ಮುಂದಿನ ಕೆರೆಯಲ್ಲಿ ಕೇಳಬೇಕು. ಇದು ಪುಸ್ತಕ ಓದಿ ತಿಳಿದದ್ದಲ್ಲ. ಏರಿಯ ಮೇಲೆ ನಿಂತು ಎರಡೂ ಕಡೆ ನೋಡಿದಾಗ ಹೊಳೆದದ್ದು.

ಹಾಗಾದರೆ ಮಳೆಯ ಇತಿಹಾಸ ಎಲ್ಲೂ ಸಿಗುವುದಿಲ್ಲವೇ? ಸಿಗುತ್ತದೆ, ಜಾಗ ನೋಡಿ ಆರಿಸಬೇಕು. ಚಿತ್ರದುರ್ಗದ ತಿಮ್ಮಣ್ಣನಾಯಕನ ಕೆರೆಯ ಹೂಳಿನ ಕಾಂತೀಯ ಗುಣ ಅಳೆದು ಸುಮಾರು 3,700 ವರ್ಷಗಳ ಮಳೆಯ ಏರಿಳಿತ ಓದಿದ್ದಾರೆ. ಮಂಗಳೂರು ವಿಶ್ವವಿದ್ಯಾಲಯದ ಭೂವಿಜ್ಞಾನಿಗಳು ಬೆಳೆಸಿದ ವಿಧಾನ ಅದು. ತತ್ವ ಸುಲಭ: ಮಳೆ ಜಾಸ್ತಿಯಾದರೆ ಮೇಲ್ಮಣ್ಣಿನಲ್ಲಿ ಮ್ಯಾಗ್ನೆಟೈಟ್ ಎಂಬ ಕಾಂತೀಯ ಕಬ್ಬಿಣದ ಖನಿಜದ ಸೂಕ್ಷ್ಮ ಕಣಗಳು ಹೆಚ್ಚು ಹುಟ್ಟುತ್ತವೆ, ಹೆಚ್ಚು ಕೊಚ್ಚಿ ಬರುತ್ತವೆ. ಇದನ್ನೇ ನಿಮ್ಮ ಕೆರೆಯಲ್ಲಿ ಮಾಡಬಹುದಲ್ಲ ಎಂದರೆ, ಮೇಲೆ ಹೇಳಿದ ಕಪ್ಪು ಪದರ ನೆನಪಿಸಿಕೊಳ್ಳಿ. ಆಮ್ಲಜನಕವಿಲ್ಲದ ಕೊಚ್ಚೆಯಲ್ಲಿ ಮ್ಯಾಗ್ನೆಟೈಟ್ ಕರಗಿಹೋಗುತ್ತದೆ. ಚರಂಡಿ ನೀರು ಮಳೆಯ ಲೆಕ್ಕವನ್ನೇ ಅಳಿಸಿಹಾಕಿರುತ್ತದೆ.

ಇನ್ನೂ ಹಿಂದಕ್ಕೆ ಹೋಗಬೇಕಾದರೆ ನೀಲಗಿರಿ ಬೆಟ್ಟಕ್ಕೆ ಹೋಗಬೇಕು. ಅಲ್ಲಿನ ಜೌಗಿನಲ್ಲಿ ಅರೆಕೊಳೆತ ಗಿಡಗಳಿಂದಾದ ಪೀಟ್ ಮಣ್ಣಿನ ಕಾರ್ಬನ್-13 ಅಳೆದು ನಮ್ಮ ಊರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆರ್. ಸುಕುಮಾರ್ ಮತ್ತು ಜೊತೆಗಾರರು 1993ರಲ್ಲಿ 20,000 ವರ್ಷಗಳ ಮುಂಗಾರಿನ ಚಿತ್ರ ಕೊಟ್ಟರು. ಹಿಮಯುಗ ತುತ್ತತುದಿಯಲ್ಲಿದ್ದಾಗ ಅಲ್ಲಿ ಸಿ4 ಹುಲ್ಲಿನ ಮೇಲುಗೈ, ಅಂದರೆ ಒಣ ಕಾಲ. ಆಗ ಗಾಳಿಯಲ್ಲಿ ಕಾರ್ಬನ್ ಡೈಆಕ್ಸೈಡ್ ಕೂಡ ಈಗಿಗಿಂತ ತುಂಬಾ ಕಡಿಮೆ ಇತ್ತು, ಅದೂ ಸಿ4 ಹುಲ್ಲಿಗೆ ಅನುಕೂಲ. ಎರಡನ್ನೂ ತೂಗಿ ನೋಡಬೇಕು. ಮಹಾರಾಷ್ಟ್ರದ ಲೋನಾರ್ ಸರೋವರ ಉಲ್ಕೆ ಬಿದ್ದು ಆದ ಕುಳಿ. ಸುಮಾರು ಹತ್ತು ಮೀಟರ್ ಹೂಳಿನಲ್ಲಿ ಸುಮಾರು 11,000 ವರ್ಷ ಸಿಕ್ಕಿದೆ. 4,600ರಿಂದ 3,900 ವರ್ಷಗಳ ಹಿಂದೆ ಮಳೆ ಕೈಕೊಟ್ಟ ದೀರ್ಘ ಕಾಲ ಅದರಲ್ಲಿ ಕಾಣುತ್ತದೆ. ಅಲ್ಲಿ ಹೂಳೆತ್ತುವವರು ಇರಲಿಲ್ಲ, ಅದೇ ಅದರ ಪುಣ್ಯ.

ಹಾಗಂತ ಆ ಕಥೆಯನ್ನು ಬೆಂಗಳೂರಿಗೆ ಹಾಗೆಯೇ ಅಂಟಿಸಬೇಡಿ. ಇಲ್ಲಿ ವರ್ಷಕ್ಕೆ ಸುಮಾರು 970 ಮಿಲಿಮೀಟರ್ ಮಳೆ. ಅದರಲ್ಲಿ ಮುಂಗಾರು ಇದೆ, ಮೇ ತಿಂಗಳ ಗುಡುಗು ಮಳೆ ಇದೆ, ಅಕ್ಟೋಬರ್‌ನ ಹಿಂಗಾರೂ ಇದೆ. ಮುಂಗಾರು ಸೋತ ವರ್ಷ ಹಿಂಗಾರು ಕೆರೆ ತುಂಬಿಸಿರಬಹುದು, ಹೂಳಿಗೆ ಅದು ಯಾವ ತಿಂಗಳ ನೀರು ಎಂದು ಗೊತ್ತಾಗುವುದಿಲ್ಲ.

ಕೊನೆಯದಾಗಿ, ಹೂಳು ತೆಗೆಯುವುದು ತಪ್ಪೇ ಎಂದಿರಿ. ತಪ್ಪಲ್ಲ. ಹೂಳೆತ್ತದ ಕೆರೆ ಗದ್ದೆಯಾಗುತ್ತದೆ, ಆಮೇಲೆ ಸೈಟಾಗುತ್ತದೆ. ಮೆಜೆಸ್ಟಿಕ್ ಬಸ್ ನಿಲ್ದಾಣ ನಿಂತಿರುವುದು ಧರ್ಮಾಂಬುಧಿ ಕೆರೆಯ ಜಾಗದಲ್ಲಿ, ಕಂಠೀರವ ಕ್ರೀಡಾಂಗಣ ಸಂಪಂಗಿ ಕೆರೆಯ ಜಾಗದಲ್ಲಿ. ಎರಡು ವಿಷಯ ಮಾತ್ರ ಗಮನಿಸಿ. ಹಿಂದೆ ಕೆರೆ ಗೋಡು ಹೊಲಕ್ಕೆ ಚಿನ್ನವಾಗಿತ್ತು. ಚರಂಡಿ, ಕಾರ್ಖಾನೆ ನೀರು ಸೇರಿದ ಕೆರೆಯ ಕಪ್ಪು ಹೂಳು ಹಾಗಲ್ಲ, ಅದರಲ್ಲಿ ಸೀಸ, ಕ್ಯಾಡ್ಮಿಯಂ, ಕ್ರೋಮಿಯಂ ಇರುವ ಸಂಭವ ಇದೆ. ಪರೀಕ್ಷೆ ಮಾಡಿಸದೆ ತರಕಾರಿ ಮಡಿಗೆ ಹಾಕಬೇಡಿ, ಯಾರಾದರೂ ಪುಕ್ಕಟೆ ಲೋಡ್ ಕಳಿಸುತ್ತೇನೆ ಎಂದರೂ.

ಎರಡನೆಯದು, ಹಿಟಾಚಿ ತಗ್ಗಿನ ಜಾಗಕ್ಕೆ ಬರುವ ಮೊದಲು ಒಂದೇ ಒಂದು ಪೈಪ್ ಇಳಿಸಿಟ್ಟುಕೊಳ್ಳಿ. ಕೆರೆ ಸಮಿತಿಯವರ ಒಪ್ಪಿಗೆ ತೆಗೆದುಕೊಂಡು ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗದವರನ್ನು ಕರೆಯಿರಿ, ಬೆಂಗಳೂರಿನಲ್ಲಿ ಅಂಥವರಿಗೆ ಕೊರತೆ ಇಲ್ಲ. ಬೂದು ಜೇಡಿ ಮುಗಿದು ಗರಸು, ಬೇರು ಇರುವ ಹಳೇ ನೆಲ ಸಿಗುವವರೆಗೆ ಇಳಿಸಿ. ಜೇಡಿಯ ಅತಿ ತಳದಲ್ಲಿ ಒಂದು ಎಲೆ ಸಿಕ್ಕರೆ ಮಳೆಯ ಸುದ್ದಿ ಇಲ್ಲದಿದ್ದರೂ ನಿಮ್ಮ ಕೆರೆ ಕಟ್ಟಿದ್ದು ಹೆಚ್ಚುಕಡಿಮೆ ಯಾವಾಗ ಎಂದು ತಿಳಿಯಬಹುದು. ಹಿಂದೆ ಯಾವಾಗಲೋ ಹೂಳೆತ್ತಿದ್ದರೆ ಅದೂ ಗೊತ್ತಾಗುತ್ತದೆ, ಆ ಗೆರೆಯಲ್ಲಿ ವಯಸ್ಸು ತಟ್ಟನೆ ಜಿಗಿದಿರುತ್ತದೆ. ಪೈಪಿನ ಎರಡೂ ತುದಿ ಮುಚ್ಚಿ, ನೆರಳಿನಲ್ಲಿ ಇಟ್ಟು, ಒಣಗದಂತೆ ನೋಡಿಕೊಳ್ಳಿ.

ಹಾಗೆಯೇ ಮೇಲ್ತುದಿ ಯಾವುದು ಎಂದು ಮಾರ್ಕರ್‌ನಲ್ಲಿ ದಪ್ಪಗೆ ಬಾಣ ಹಾಕಿ. ವಿದ್ಯಾರ್ಥಿಯಾಗಿದ್ದಾಗ ನಾನು ಅದನ್ನು ಮರೆತು ಎರಡು ಪೈಪ್‌ಗಳನ್ನು ಬಸ್ಸಿನ ಟಾಪ್ ಮೇಲೆ ಹಾಕಿಕೊಂಡು ಬಂದೆ. ಒಂದರ ತುದಿಯಲ್ಲಿ ಪ್ಲಾಸ್ಟಿಕ್ ಚೂರು ಸಿಕ್ಕಿದ್ದರಿಂದ ಮಾನ ಉಳಿಯಿತು. ಇನ್ನೊಂದರಲ್ಲಿ ಅದೂ ಇರಲಿಲ್ಲ.